ಸೆಲ್ಫ್ ಹೊಡೆಯುವ ಮುನ್ನ ಒಂದು ಮಾತು

ಹಳೆಯ ಪಿಕಪ್ ಗಾಡಿಯೊಂದನ್ನು ನಂಬಿಕೊಂಡು ಬಹರೈನ್‌ನಲ್ಲಿ ಅನ್ನ ಸಂಪಾದಿಸುತ್ತಿರುವ ನಮ್ಮ ಹುಡುಗರಿಗೆ ಈ ನಾಲ್ಕು ಮಾತು. ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು, ಕಾಸರಗೋಡು ಕಡೆಯಿಂದ ಬಂದು ಉಮ್ ಅಲ್ ಹಸ್ಸಮ್‌ನ ಫ್ಲಾಟುಗಳಲ್ಲಿ ಕೋಣೆ ಹಂಚಿಕೊಂಡು ಇರುವವರು ನೀವು. ಎ.ಸಿ. ರಿಪೇರಿ, ಪ್ಲಂಬಿಂಗ್, ಬಣ್ಣ ಬಳಿಯುವುದು, ತರಕಾರಿ ಸಾಗಿಸುವುದು, ಕೆಲಸ ಯಾವುದೇ ಇರಲಿ, ಬೆಳಗ್ಗೆ ಗಾಡಿ ಸ್ಟಾರ್ಟ್ ಆದರೆ ಆ ದಿನದ ದುಡಿಮೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಂತೂ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸಬಾರದೆಂದು ಇಲ್ಲಿನ ಸರಕಾರದ ನಿಯಮವೇ ಇದೆ. ಹಾಗಾಗಿ ಬೆಳಗಿನ ಹೊತ್ತೇ ನಿಮ್ಮ ಬಂಡವಾಳ. ಆ ಹೊತ್ತು ಬಾನೆಟ್ ಎತ್ತಿಕೊಂಡು ರಸ್ತೆ ಬದಿಯಲ್ಲಿ ಕಳೆದುಹೋಗುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ನಾನು ಗ್ರೀಸು, ಡೀಸೆಲ್ಲುಗಳ ನಡುವೆಯೇ ತಲೆ ನರೆಸಿಕೊಂಡವನು. ಬೆಳಗಿನ ಜಾವ ನಿಮ್ಮ ಗಾಡಿಗಳ ಸದ್ದು ಮೇಲಿನ ಮಹಡಿಯವರೆಗೂ ಕೇಳಿಸುತ್ತದೆ. ಸೆಲ್ಫ್ ಹೊಡೆಯುತ್ತೀರಿ, ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ತೆಗೆದುಕೊಳ್ಳುವುದಿಲ್ಲ. ಮತ್ತೆ ಹೊಡೆಯುತ್ತೀರಿ. ಮತ್ತೆ. ಸದ್ದು ಮೆಲ್ಲಮೆಲ್ಲಗೆ ಸೋಲುತ್ತದೆ. ಕೊನೆಗೆ ಬರೀ ‘ಟಕ್’ ಎಂದು ನಿಲ್ಲುತ್ತದೆ. ಅಲ್ಲಿಗೆ ಒಂದಿದ್ದ ತೊಂದರೆ ಎರಡಾಯಿತು: ಮೊದಲ ದೋಷ ಇನ್ನೂ ಹಾಗೇ ಇದೆ, ಜೊತೆಗೆ ಬ್ಯಾಟರಿಯೂ ಹೋಯಿತು. ಆಮೇಲೆ ಯಾರೋ ಒಬ್ಬ ಬಂದು ‘ಸೆಲ್ಫ್ ಬದಲಿಸು’ ಎನ್ನುತ್ತಾನೆ, ಇನ್ನೊಬ್ಬ ‘ಪೆಟ್ರೋಲ್ ಪಂಪು’ ಎನ್ನುತ್ತಾನೆ. ನೀವು ಜೇಬಿಗೆ ಕೈ ಹಾಕುತ್ತೀರಿ.

ನಾನು ಹೇಳಬೇಕಾದದ್ದು ಇಷ್ಟೇ. ಊಹೆಯ ಮೇಲೆ ದುಡ್ಡು ಸುರಿಯಬೇಡಿ. ಮೊದಲು ಕೇಳಿ, ನೋಡಿ, ಅಳೆಯಿರಿ. ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಈ ಒಂದು ಅಭ್ಯಾಸ ಬಂದರೆ ಹಳೆಯ ಗಾಡಿ ನಿಮಗೆ ಹೊರೆಯಾಗುವುದಿಲ್ಲ.

ನಮ್ಮ ಊರಿನ ಹಿರಿಯರ ಕಾಲದ ಒಂದು ಸಂಗತಿ ಕೇಳಿ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂಬದಿಯಲ್ಲಿ ಉದ್ದನೆಯ ಒಲೆ. ಕ್ಲೀನರ್ ಹುಡುಗ ನಸುಕಿನಲ್ಲೇ ಎದ್ದು ಇದ್ದಿಲು ತುಂಬಿ, ಬೆಂಕಿ ಮಾಡಿ, ಗಾಳಿಯ ಚಕ್ರ ತಿರುಗಿಸುತ್ತ ನಿಲ್ಲಬೇಕು. ಗ್ಯಾಸು ಹದಕ್ಕೆ ಬಂದ ಮೇಲೆ ಮುಂದೆ ಹೋಗಿ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬೇಕು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಒಂದೊಂದು ಸುತ್ತಿಗೂ ಮೈಯ ಬೆವರು ಇಳಿಯುತ್ತಿದ್ದುದರಿಂದ ಆ ಹುಡುಗರು ಸುಮ್ಮನೆ ತಿರುಗಿಸುತ್ತಿರಲಿಲ್ಲ. ಗ್ಯಾಸು ಬಂತೇ, ಪ್ಲಗ್ಗು ಒಣಗಿದೆಯೇ ಎಂದು ಮೊದಲು ನೋಡುತ್ತಿದ್ದರು. ಶಾಲೆ ಮೆಟ್ಟಿಲು ಹತ್ತದ ಅದೆಷ್ಟೋ ಹುಡುಗರು ಹೀಗೆ ನೋಡಿ ನೋಡಿಯೇ ಒಳ್ಳೆಯ ಮೆಕ್ಯಾನಿಕ್‌ಗಳಾದರು.

ಅದಕ್ಕೂ ಬಹಳ ಮೊದಲೇ, 1912ರಲ್ಲಿ, ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಕ್ರಮೇಣ ನಮ್ಮ ಕಡೆಯೂ ಹ್ಯಾಂಡಲ್ ಮೂಲೆ ಸೇರಿತು. ಒಳ್ಳೆಯದೇ ಆಯಿತು. ಆದರೆ ಕೀ ತಿರುಗಿಸುವುದಕ್ಕೆ ಮೈ ನೋಯುವುದಿಲ್ಲವಾದ್ದರಿಂದ ಅದಕ್ಕೊಂದು ಮಿತಿಯೇ ಇಲ್ಲ ಎಂದು ನೀವು ತಿಳಿದಿದ್ದೀರಿ. ಮಿತಿ ಇದೆ. ಸೆಲ್ಫ್ ಮೋಟರು ಒಮ್ಮೆ ತಿರುಗುವಾಗ ನೂರೈವತ್ತು, ಇನ್ನೂರು ಆಂಪಿಯರ್ ಕರೆಂಟು ಎಳೆಯುತ್ತದೆ. ಹೆಡ್‌ಲೈಟ್ ಉರಿಯಲು ಹತ್ತು ಆಂಪಿಯರಿನ ಆಸುಪಾಸು ಸಾಕು. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಹೊಡೆದ ಮೇಲೆ ಒಂದು ನಿಮಿಷ ಬಿಡಿ. ಮೂರನೆಯ ಸಲಕ್ಕೂ ಆಗದಿದ್ದರೆ ಕೀ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗಿಳಿಯಿರಿ.

ಇಳಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಲೇ ಇಲ್ಲವೇ, ನಿಧಾನವಾಗಿ ತಿರುಗುತ್ತಿದೆಯೇ, ಅಥವಾ ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ತೆಗೆದುಕೊಳ್ಳುತ್ತಿಲ್ಲವೇ? ಇವು ಮೂರೂ ಬೇರೆ ಬೇರೆ ಕಾಯಿಲೆ. ತಿರುಗದಿದ್ದರೆ, ನಿಧಾನವಾಗಿದ್ದರೆ ಬ್ಯಾಟರಿ, ವಯರು, ಸೆಲ್ಫ್ ಇವುಗಳ ಕಡೆ ನೋಡಿ. ಚೆನ್ನಾಗಿ ತಿರುಗಿಯೂ ಆಗದಿದ್ದರೆ ಅವುಗಳನ್ನು ಮುಟ್ಟಬೇಡಿ, ಪೆಟ್ರೋಲು ಮತ್ತು ಕಿಡಿಯ ಕಡೆ ಹೋಗಿ. ಎರಡನೆಯ ಪ್ರಶ್ನೆ: ರಾತ್ರಿಯಿಡೀ ನಿಂತ ಮೇಲೆ ತೊಂದರೆಯೇ, ಬಿಸಿಯಾಗಿರುವಾಗ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹೊಡೆದರೆ ತೊಂದರೆಯೇ? ಈ ಎರಡಕ್ಕೆ ಉತ್ತರ ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಇನ್ನು ಬ್ಯಾಟರಿ. ಊರಿನಲ್ಲಿ ನಾಲ್ಕು ವರ್ಷ ಬಾಳುವ ಬ್ಯಾಟರಿ ಈ ಕೊಲ್ಲಿಯ ಬಿಸಿಲಿನಲ್ಲಿ ಎರಡು ವರ್ಷ ಬಂದರೆ ಪುಣ್ಯ. ಬಹರೈನ್‌ನಲ್ಲಿ ಜುಲೈ, ಆಗಸ್ಟ್ ಹೊತ್ತಿಗೆ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ಬಾನೆಟ್ಟಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ಆ ಕಾವಿಗೆ ಬ್ಯಾಟರಿಯ ನೀರು ಆರುತ್ತದೆ, ಒಳಗಿನ ಸೀಸದ ಪ್ಲೇಟುಗಳು ಸವೆಯುತ್ತವೆ. ಆದರೆ ಬೇಸಿಗೆಯಲ್ಲಿ ಎಂಜಿನ್ ಆಯಿಲ್ ತೆಳ್ಳಗಿರುವುದರಿಂದ ಹೇಗೋ ತಿರುಗಿಬಿಡುತ್ತದೆ. ಡಿಸೆಂಬರಿನ ಚಳಿ ಬಂದು ಆಯಿಲ್ ಗಟ್ಟಿಯಾದ ದಿನ ಬ್ಯಾಟರಿ ಕೈಕೊಡುತ್ತದೆ. ‘ನಿನ್ನೆ ಸರಿಯಿತ್ತು, ಇವತ್ತು ಹೋಯಿತು’ ಎನ್ನುತ್ತೀರಿ. ಇವತ್ತು ಹೋದದ್ದಲ್ಲ ಅದು, ಆಗಸ್ಟಿನಲ್ಲೇ ಹೋಗಿತ್ತು.

ಒಂದು ಸಾಧಾರಣ ಮಲ್ಟಿಮೀಟರ್ ಕೊಂಡುಕೊಳ್ಳಿ. ಮೊಬೈಲಿನ ಕವರಿಗೆ ಕೊಡುವಷ್ಟು ದುಡ್ಡಿನ ಸಾಮಾನು. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿಗೆ ಬೆಳಗ್ಗೆ ಹಿಡಿದು ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಗೆಳೆಯನಿಗೆ ಸೆಲ್ಫ್ ಹೊಡೆಯಲು ಹೇಳಿ ಆಗಲೂ ನೋಡಿ. ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಅದರ ಆಯಸ್ಸು ಮುಗಿಯುತ್ತ ಬಂದಿದೆ. ಗಾಡಿ ಸ್ಟಾರ್ಟ್ ಆದ ಮೇಲೆ 13.8ರಿಂದ 14.5ರ ನಡುವೆ ಬರಬೇಕು. ಬರದಿದ್ದರೆ ತಪ್ಪು ಬ್ಯಾಟರಿಯದ್ದಲ್ಲ, ಆಲ್ಟರ್ನೇಟರಿನದ್ದು ಅಥವಾ ಅದರ ಬೆಲ್ಟಿನದ್ದು. ಹೊಸ ಬ್ಯಾಟರಿ ಹಾಕಿದರೆ ಅದೂ ವಾರದಲ್ಲಿ ಮಲಗುತ್ತದೆ. ಈ ನಾಲ್ಕು ಅಂಕಿ ಬಾಯಿಪಾಠ ಮಾಡಿಕೊಳ್ಳಿ.

ಅಂಕಿ ನೋಡುವುದಕ್ಕೂ ಮೊದಲು ಕಣ್ಣಿನಿಂದ ನೋಡಬೇಕಾದದ್ದು ಟರ್ಮಿನಲ್. ಉಮ್ ಅಲ್ ಹಸ್ಸಮ್ ಕಡಲಿಗೆ ಅಂಟಿಕೊಂಡ ಜಾಗ, ದಕ್ಷಿಣಕ್ಕೆ ತೂಬ್ಲಿ ಕೊಲ್ಲಿ ಇದೆ. ಮಲ್ಪೆಯಲ್ಲಿ ಬೆಳೆದವರಿಗೆ ಉಪ್ಪುಗಾಳಿ ಕಬ್ಬಿಣವನ್ನು ಹೇಗೆ ತಿನ್ನುತ್ತದೆಂದು ಹೇಳಿಕೊಡಬೇಕಾಗಿಲ್ಲ. ಟರ್ಮಿನಲ್ಲಿನ ಸುತ್ತ ಹಸಿರು ಮಿಶ್ರಿತ ಬಿಳಿ ಹುಡಿ ಕೂತಿದ್ದರೆ ಕರೆಂಟು ದಾಟಲು ಆಗುವುದಿಲ್ಲ. ಹತ್ತರ ಸ್ಪ್ಯಾನರಿನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ. ಅಡಿಗೆ ಸೋಡಾ ಕಲಸಿದ ನೀರು ಹಾಕಿದರೆ ನೊರೆಯೆದ್ದು ಹುಡಿ ಕರಗುತ್ತದೆ. ನೀರು ತುಂಬುವ ತೂತುಗಳ ಮುಚ್ಚಳ ಬಿಗಿಯಾಗಿರಲಿ, ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ತಂತಿ ಬ್ರಶ್ಶಿನಿಂದ ಸೀಸ ಹೊಳೆಯುವ ತನಕ ಉಜ್ಜಿ, ಒರೆಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಕೈಯಲ್ಲಿ ಅಲುಗಾಡಿಸಿದರೆ ಅಲುಗಬಾರದು. ಹದಿನೈದು ನಿಮಿಷದ ಕೆಲಸ. ‘ಸೆಲ್ಫ್ ಹೋಗಿದೆ’ ಎಂದು ತಂದ ಎಷ್ಟೋ ಗಾಡಿಗಳು ಇಷ್ಟರಲ್ಲೇ ಸರಿಯಾಗಿವೆ.

ಇಲ್ಲೇ ಹತ್ತಿರದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಹೆಸರು ಬೇಡ. ಎ.ಸಿ. ಕೆಲಸದವನು, ಹಳೆಯ ನಿಸ್ಸಾನ್ ಪಿಕಪ್ ಇತ್ತು. ಬೆಳಗ್ಗೆ ಸೆಲ್ಫ್ ಸೋಲುತ್ತಿತ್ತು. ಬ್ಯಾಟರಿ ಬದಲಿಸಿದ, ಸರಿಹೋಗಲಿಲ್ಲ. ಕೋಣೆಯವನ ಹತ್ತಿರ ಸಾಲ ಮಾಡಿ ಸೆಲ್ಫ್ ಮೋಟರ್ ಬದಲಿಸಿದ, ಆಗಲೂ ಅದೇ ಕತೆ. ಆ ತಿಂಗಳು ಊರಿಗೆ ಹಣ ಕಳಿಸಲಿಲ್ಲ. ಕೊನೆಗೆ ನೋಡಿದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ, ಹೆಣೆದ ತಾಮ್ರದ್ದು, ಉಪ್ಪಿಗೆ ಕೊರೆದು ನಾಲ್ಕೈದು ಎಳೆಯಷ್ಟೇ ಉಳಿದಿತ್ತು. ಮುಟ್ಟಿದರೆ ಹುಡಿಯಾಗಿ ಕೈಗೆ ಬಂತು. ಅದರ ಬೆಲೆ ಒಂದು ಊಟದ್ದು. ಎರಡು ದೊಡ್ಡ ಸಾಮಾನಿನ ದುಡ್ಡು ಹೋದದ್ದು ಊಹೆಗೆ.

ಈ ಅರ್ತ್ ದೋಷ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಮೀಟರಿಗೆ ಬೀಳುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೂತಿಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.2 ವೋಲ್ಟ್ ತೋರಿಸಬೇಕು. ಅರ್ಧ, ಒಂದು ವೋಲ್ಟ್ ತೋರಿಸಿದರೆ ಅರ್ತ್ ದಾರಿಯಲ್ಲಿ ಕರೆಂಟಿಗೆ ತಡೆಯಿದೆ. ಹಾಗೆಯೇ ಬ್ಯಾಟರಿ ಪ್ಲಸ್‌ನಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೆ ನೋಡಿ, ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚಿರಬಾರದು. ಇವೆರಡೂ ಸರಿಯಿದ್ದು, ಬ್ಯಾಟರಿಯೂ ಸರಿಯಿದ್ದು, ಎಂಜಿನ್ ಆಗಲೂ ತಿರುಗದಿದ್ದರೆ ಮಾತ್ರ ಸೆಲ್ಫ್ ಬಿಚ್ಚಿ. ಬಿಚ್ಚುವ ಮುನ್ನ ಕ್ಲಚ್ ಪೂರ್ತಿ ಒತ್ತಿ ಒಮ್ಮೆ ಹೊಡೆದು ನೋಡಿ. ಕೆಲವು ಪಿಕಪ್‌ಗಳಲ್ಲಿ ಕ್ಲಚ್ ಒತ್ತದೆ ಸೆಲ್ಫ್‌ಗೆ ಕರೆಂಟು ಬರುವುದಿಲ್ಲ, ಆ ಸ್ವಿಚ್ಚೂ ಸವೆಯುತ್ತದೆ.

ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದ ಪೆಟ್ರೋಲ್ ಗಾಡಿಯಲ್ಲಿ ಮೊದಲು ಎರಡು ಸಂಶಯ: ಕಿಡಿ ಇಲ್ಲ, ಅಥವಾ ಪೆಟ್ರೋಲು ಇಲ್ಲ. ಒಂದು ಪ್ಲಗ್ಗು ಬಿಚ್ಚಿ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲು ಬರುತ್ತಿದೆ, ಕಿಡಿಯಿಲ್ಲ ಅಥವಾ ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ಮುಳುಗಿದೆ. ಒಣಗಿ ಬೆಳ್ಳಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಕಿಡಿಯಿಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ನೋಡಿ. ಇಲ್ಲಿನ ಆರ್ದ್ರತೆಗೆ ಬೆಳಗಿನ ಜಾವ ಅದರೊಳಗೆ ಬೆವರಿನ ಹಾಗೆ ನೀರು ಕೂತಿರುತ್ತದೆ. ಕೂದಲೆಳೆಯಂಥ ಬಿರುಕಿದ್ದರೆ ಕಿಡಿ ಅಲ್ಲೇ ಹರಿದುಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸ್ಟಾರ್ಟ್ ಆಗುವ ಗಾಡಿಗೆ ಕಾಯಿಲ್ ಬದಲಿಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ಕಾರ್ಬೊರೇಟರ್ ಇರುವ ಹಳೆಯ ಹೈಲಕ್ಸ್, ಡಾಟ್ಸನ್‌ಗಳಿಗೆ ಇನ್ನೊಂದು ರೋಗ. ನಡುಮಧ್ಯಾಹ್ನ ಮಾರ್ಕೆಟ್ಟಿನ ಎದುರು ನಿಲ್ಲಿಸಿ ಸಾಮಾನು ಇಳಿಸಿ ಬಂದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನಿನ ಕಾವಿಗೆ ಕಾರ್ಬೊರೇಟರಿನ ಬಟ್ಟಲಲ್ಲಿರುವ ಪೆಟ್ರೋಲು ಕುದಿದು ಉಕ್ಕಿ ಒಳಗೆ ಸುರಿದಿರುತ್ತದೆ. ಆಗ ಚೋಕ್ ಎಳೆಯಬೇಡಿ, ಆಕ್ಸಿಲರೇಟರ್ ಪಂಪ್ ಮಾಡಬೇಡಿ. ಪೆಡಲನ್ನು ಒಮ್ಮೆಗೇ ನೆಲದವರೆಗೆ ಒತ್ತಿ ಹಿಡಿದುಕೊಂಡೇ ಸೆಲ್ಫ್ ಹೊಡೆಯಿರಿ. ಗಾಳಿ ಹೆಚ್ಚು ಹೋಗಿ ಒಳಗಿನ ಪೆಟ್ರೋಲು ಒಣಗಿ ಸ್ಟಾರ್ಟ್ ಆಗುತ್ತದೆ. ಬೆಳಗ್ಗೆ ಮಾತ್ರ ಇದಕ್ಕೆ ತದ್ವಿರುದ್ಧ: ಚೋಕ್ ಬೇಕು, ಒಂದೆರಡು ಸಲ ಪೆಡಲ್ ತುಳಿದು ಬಿಡಬೇಕು.

ಇಂಜೆಕ್ಷನ್ ಬಂದ ಗಾಡಿಗಳಲ್ಲಿ ಪೆಡಲ್ ತುಳಿದು ಉಪಯೋಗವಿಲ್ಲ. ಬಹಳ ಗಾಡಿಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನ ಕಡೆಯಿಂದ ಪಂಪು ಎರಡು ಸೆಕೆಂಡ್ ಗುಂಯ್‌ಗುಡುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಸೆಲ್ಫ್ ಹೊಡೆದಾಗ ಮಾತ್ರ ಪಂಪು ಓಡುತ್ತದೆ. ನಿಮ್ಮದು ಯಾವುದೆಂದು ಚೆನ್ನಾಗಿರುವಾಗಲೇ ಕೇಳಿ ತಿಳಿದಿರಿ. ಸದ್ದು ಬರುವ ಗಾಡಿಯಲ್ಲಿ ಕೀ ಎರಡು ಮೂರು ಸಲ ಆನ್, ಆಫ್ ಮಾಡಿ ಹೊಡೆದರೆ ತಟ್ಟನೆ ಸ್ಟಾರ್ಟ್ ಆಗುತ್ತದೆ ಎಂದಾದರೆ ರಾತ್ರಿಯಲ್ಲಿ ಪೈಪಿನ ಒತ್ತಡ ಇಳಿದುಹೋಗುತ್ತಿದೆ ಎಂದು ಲೆಕ್ಕ. ಬೆಳಗ್ಗೆ ಮಾತ್ರ ತಕರಾರು, ಬಿಸಿಯಾದ ಮೇಲೆ ಸಲೀಸು ಎಂದರೆ ಕೂಲಂಟಿನ ಬಿಸಿ ಅಳೆಯುವ ಸೆನ್ಸರ್ ನೋಡಿಸಿ. ಅದು ಎಂಜಿನ್ ಬಿಸಿಯಾಗಿದೆ ಎಂದು ಸುಳ್ಳು ಹೇಳಿದರೆ ಬೇಕಾದಷ್ಟು ಪೆಟ್ರೋಲು ಸಿಗುವುದಿಲ್ಲ. ಸಣ್ಣ ಸಾಮಾನು, ಕಡಿಮೆ ಬೆಲೆ.

ಡೀಸೆಲ್ ಗಾಡಿ ಇದ್ದವರು ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ಲು ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ನೋಡಿ. ಟೊಯೊಟಾದ 2ಎಲ್, 3ಎಲ್, 5ಎಲ್‌ನಂಥ ಹಳೆಯ ಎಂಜಿನ್‌ಗಳಲ್ಲಿ ಡೀಸೆಲ್ಲು ಮೊದಲು ಸಣ್ಣ ಕೋಣೆಯೊಂದರಲ್ಲಿ ಉರಿದು ಆಮೇಲೆ ಸಿಲಿಂಡರಿಗೆ ಬರುತ್ತದೆ. ಆ ಕೋಣೆಯ ಗೋಡೆ ಕಾವನ್ನು ಹೀರಿಕೊಳ್ಳುವುದರಿಂದ ಬಹರೈನ್‌ನ ಹಗುರ ಚಳಿಗೂ ಹೀಟರ್ ಬೇಕೇ ಬೇಕು. ನಾಲ್ಕರಲ್ಲಿ ಎರಡು ಸತ್ತರೂ ಬೆಳಗ್ಗೆ ಪರದಾಟ. ಹೊಗೆಯೇ ಬರದಿದ್ದರೆ ಡೀಸೆಲ್ಲು ಮುಟ್ಟುತ್ತಿಲ್ಲ. ಫಿಲ್ಟರಿನಲ್ಲಿ ನೀರು ಸೇರಿದೆಯೇ, ಲೈನಿನಲ್ಲಿ ಏರ್ ಹಿಡಿದಿದೆಯೇ ನೋಡಿ. ಫಿಲ್ಟರಿನ ತಲೆಯ ಮೇಲಿರುವ ಪ್ರೈಮಿಂಗ್ ಪಂಪನ್ನು ಗಟ್ಟಿಯಾಗುವ ತನಕ ಒತ್ತಿ ಹೊಡೆದಾಗ ಸ್ಟಾರ್ಟ್ ಆಗಿ, ಮರುದಿನ ಮತ್ತೆ ಹಾಗೇ ಆದರೆ ಎಲ್ಲೋ ಒಂದು ಪೈಪು ರಾತ್ರಿಯಿಡೀ ಗಾಳಿ ಎಳೆಯುತ್ತಿದೆ. ಬಿಸಿಲಿಗೆ ಒಡೆದ ರಬ್ಬರ್ ಪೈಪು ಹುಡುಕಿ.

ಈಗ ನನ್ನ ನಿಜವಾದ ಹೆದರಿಕೆ ಹೇಳುತ್ತೇನೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಒಂದು ದಿನದ ಕೂಲಿ ಹೋಗುತ್ತದೆ, ಅಷ್ಟೇ. ಸ್ಟಾರ್ಟ್ ಮಾಡುವ ಅವಸರದಲ್ಲಿ ಕೈಕಾಲು, ಜೀವ ಕಳೆದುಕೊಳ್ಳಬೇಡಿ. ಗಾಡಿಯ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಬೋಲ್ಟು ಮುಟ್ಟಿಸಿ ಸ್ಟಾರ್ಟ್ ಮಾಡುವವರನ್ನು ಕಂಡಿದ್ದೇನೆ. ಗೇರಿನಲ್ಲಿದ್ದರೆ ಗಾಡಿ ಎಗರಿ ಮೈಮೇಲೆ ಹರಿಯುತ್ತದೆ. ಕಾರ್ಬೊರೇಟರಿಗೆ ಬಾಟಲಿಯಿಂದ ಪೆಟ್ರೋಲು ಸುರಿಯುತ್ತ ಇನ್ನೊಬ್ಬನಿಂದ ಸೆಲ್ಫ್ ಹೊಡೆಸಬೇಡಿ. ಒಂದು ಬೆಂಕಿಯ ನಾಲಗೆ ಹಿಂದಕ್ಕೆ ಹಾರಿದರೆ ಬಾಟಲಿ ಕೈಯಲ್ಲೇ ಉರಿಯುತ್ತದೆ. ಹೀಟರ್ ಪ್ಲಗ್ ಇರುವ ಡೀಸೆಲ್ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ, ಒಳಗೇ ಸಿಡಿದು ಪಿಸ್ಟನ್ ಒಡೆಯುತ್ತದೆ. ಕಟ್ಟಡದ ಕೆಳಗಿನ ಮುಚ್ಚಿದ ಪಾರ್ಕಿಂಗ್‌ನಲ್ಲಿ ಎಂಜಿನ್ ಓಡಿಸಿಟ್ಟು ರಿಪೇರಿಗೆ ಕೂರಬೇಡಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಬೇರೆ ಗಾಡಿಯಿಂದ ಜಂಪ್ ಮಾಡುವಾಗಲೂ ಕ್ರಮ ತಪ್ಪಬೇಡಿ. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸು ಬರುತ್ತಿರುತ್ತದೆ, ಕೊನೆಯ ಜೋಡಣೆಯ ಕಿಡಿ ಅದಕ್ಕೆ ತಾಗಬಾರದು. ಸಿಗರೇಟು ದೂರ ಇಡಿ. ಸಿತ್ರಾ ಸೇತುವೆಯ ಮೇಲೆ ಗಾಡಿ ನಿಂತರೆ ಅಲ್ಲೇ ಬಾನೆಟ್ ಎತ್ತಿ ಶೂರತನ ತೋರಿಸಬೇಡಿ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಇಟ್ಟು, ವಾಹನಗಳಿಂದ ದೂರ ನಿಂತು ಸಹಾಯಕ್ಕೆ ಕರೆಯಿರಿ.

ಹಿಂದೆ ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಗಳಲ್ಲಿ ಲಾರಿ ಓಡಿಸುತ್ತಿದ್ದವರು ಸೆಲ್ಫ್ ಕೈಕೊಟ್ಟರೆ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ಉರುಳಿಸಿ ಸ್ಟಾರ್ಟ್ ಮಾಡಿಕೊಳ್ಳುತ್ತಿದ್ದರು. ಆದರೆ ಊರು ಮುಟ್ಟಿದ ದಿನವೇ ರಿಪೇರಿ ಮಾಡಿಸುತ್ತಿದ್ದರು. ಘಾಟಿಯಲ್ಲಿ ಎಂಜಿನ್ ನಿಂತರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಇಲ್ಲಿ ಇಡೀ ದೇಶಕ್ಕೆ ಎತ್ತರದ ಜಾಗವೆಂದರೆ ಜಬಲ್ ದುಖಾನ್, ಅದೂ ಸುಮಾರು 134 ಮೀಟರ್. ಉರುಳಿಸಲು ಇಳಿಜಾರಿಲ್ಲ, ತಳ್ಳಲು ಕೋಣೆಯವರನ್ನು ಎಬ್ಬಿಸುತ್ತೀರಿ. ಒಂದು ದಿನ ತಳ್ಳಿದರೆ ತಪ್ಪಿಲ್ಲ. ವಾರಗಟ್ಟಲೆ ತಳ್ಳಿಸಿಕೊಂಡೇ ಓಡಿಸುವುದು, ‘ಹೇಗೋ ಸ್ಟಾರ್ಟ್ ಆಯಿತಲ್ಲ’ ಎಂದು ಮರೆಯುವುದು, ಅದು ಕೆಟ್ಟ ಚಾಳಿ. ಅದೂ ಅಲ್ಲದೆ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಪೆಟ್ರೋಲ್ ಗಾಡಿಯನ್ನು ಮತ್ತೆ ಮತ್ತೆ ತಳ್ಳಿದರೆ ಉರಿಯದ ಪೆಟ್ರೋಲು ಅದರೊಳಗೆ ಸೇರಿ ಅದನ್ನು ಸುಡುತ್ತದೆ.

ಆ ಕಾಲದ ಒಳ್ಳೆಯ ಚಾಲಕರ ಹತ್ತಿರ ಸೀಟಿನ ಕೆಳಗೆ ಒಂದು ಪುಸ್ತಕ ಇರುತ್ತಿತ್ತು. ಆಯಿಲ್ ಯಾವಾಗ ಬದಲಿಸಿದ್ದು, ಬ್ಯಾಟರಿ ಯಾವಾಗ ಹಾಕಿದ್ದು, ಯಾವ ದಿನ ಏನು ಸದ್ದು ಬಂತು, ಎಲ್ಲ ಅದರಲ್ಲಿ. ನಿಮ್ಮ ಕೈಯಲ್ಲಿ ಅದಕ್ಕಿಂತ ದೊಡ್ಡ ಪುಸ್ತಕವೇ ಇದೆ, ಮೊಬೈಲು. ಹೊಸ ಬ್ಯಾಟರಿ ಹಾಕಿದ ದಿನ ಅದರ ಫೋಟೋ ತೆಗೆದಿಡಿ. ಪ್ಲಗ್ಗು, ಫಿಲ್ಟರ್ ಬದಲಿಸಿದ ತಾರೀಕು, ಆಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು, ಬರೆದಿಡಿ. ಸ್ಟಾರ್ಟ್ ಆಗಲು ತಡವಾದ ಬೆಳಗ್ಗೆ ಆ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಹೆಚ್ಚಿನ ದೋಷಗಳು ಒಂದೇ ರಾತ್ರಿಯಲ್ಲಿ ಹುಟ್ಟುವುದಿಲ್ಲ. ಮೊದಲು ಒಂದು ಸುತ್ತಿಗೆ ಹತ್ತುತ್ತಿದ್ದ ಎಂಜಿನ್ ಮೂರು ಸುತ್ತು ಕೇಳಲು ಶುರುಮಾಡಿದ ದಿನವೇ ನೋಡಿದರೆ ಖರ್ಚು ಸಣ್ಣದು.

ನೀವೇ ಎಲ್ಲವನ್ನೂ ಮಾಡಬೇಕೆಂದಿಲ್ಲ. ಸಲ್ಮಾಬಾದ್, ಸಿತ್ರಾ ಕಡೆ ಗ್ಯಾರೇಜುಗಳಿವೆ, ಕೈ ಪಳಗಿದ ಕೆಲಸಗಾರರಿದ್ದಾರೆ. ಆದರೆ ಅಲ್ಲಿಗೆ ಹೋಗಿ ‘ಸೆಲ್ಫ್ ಬದಲಿಸಿ’ ಎನ್ನಬೇಡಿ. ಬದಲಿಸಿ ಎಂದರೆ ಬದಲಿಸುತ್ತಾರೆ, ದುಡ್ಡು ನಿಮ್ಮದು. ಲಕ್ಷಣ ಹೇಳಿ: ‘ಬೆಳಗ್ಗೆ ಮಾತ್ರ ತೊಂದರೆ, ಎಂಜಿನ್ ಚೆನ್ನಾಗಿ ತಿರುಗುತ್ತದೆ, ಬ್ಯಾಟರಿ 12.5 ಇದೆ, ಪ್ಲಗ್ಗು ಒದ್ದೆ ಇತ್ತು.’ ಹೀಗೆ ಹೇಳುವ ಗಿರಾಕಿಗೆ ಗ್ಯಾರೇಜಿನಲ್ಲಿ ಮರ್ಯಾದೆ ಬೇರೆಯೇ. ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯಿರಿ, ಬಿಲ್ ಇಟ್ಟುಕೊಳ್ಳಿ.

ಹಳೆಯ ಪಿಕಪ್ ಕೊಳ್ಳಲು ಹೊರಟವರಿಗೂ ಒಂದು ಮಾತು. ಬಣ್ಣಕ್ಕೆ ಮರುಳಾಗಬೇಡಿ. ಬೆಳಗ್ಗೆ ಬೇಗ ಹೋಗಿ, ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾರುವವನು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾನೆ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಬನ್ನಿ. ತಣ್ಣಗಿದ್ದಾಗ ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ. ಕಂಪ್ರೆಶನ್ ಅಳೆಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಹತ್ತು, ಹದಿನೈದು ಶೇಕಡಾಕ್ಕಿಂತ ಹೆಚ್ಚು ಅಂತರವಿದ್ದರೆ ಬೇಡ. ಈಗಾಗಲೇ ನಿಮ್ಮ ಕೈಯಲ್ಲಿರುವ ಗಾಡಿಯ ಕಂಪ್ರೆಶನ್ನೇ ಹೋಗಿದ್ದರೆ ಬ್ಯಾಟರಿ, ಸೆಲ್ಫ್ ಬದಲಿಸುತ್ತ ಕೂರಬೇಡಿ. ಒಂದೋ ಎಂಜಿನ್ ಕೆಲಸ ಮಾಡಿಸಿ, ಇಲ್ಲವೇ ಕೈಬಿಡಿ. ಅದಕ್ಕೆ ಲೆಕ್ಕ ಬೇಕು, ಮಮತೆ ಬೇಡ.

ಅಳೆಯದೆ ಊಹೆಯ ಮೇಲೆ ನಡೆಯುವ ಇದೇ ಚಾಳಿ ಮೈಯ ವಿಷಯದಲ್ಲೂ ಇದೆ, ಹೇಳದೆ ಇರಲಾರೆ. ತಿಂಗಳಿಂದ ತಲೆಸುತ್ತು ಬರುತ್ತಿದ್ದರೂ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತೀರಿ, ಬಿ.ಪಿ. ಒಮ್ಮೆಯೂ ನೋಡಿಸುವುದಿಲ್ಲ. ಮನೆಯವರು ನಿಮ್ಮ ದುಡ್ಡಿಗಿಂತ ಮೊದಲು ನಿಮ್ಮ ದಾರಿ ಕಾಯುತ್ತಾರೆ. ಗಾಡಿಗೆ ಮೀಟರ್ ಹಿಡಿಯುವ ವಾರವೇ ತೋಳಿಗೂ ಒಂದು ಪಟ್ಟಿ ಕಟ್ಟಿಸಿಕೊಳ್ಳಿ.

ನೀವು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕಡಲು ದಾಟಿ ಬಂದು ಈ ಬಿಸಿಲಿನಲ್ಲಿ ದುಡಿಯುವವರಿಗೆ ಕಲಿಯುವ ಶಕ್ತಿ ಇಲ್ಲವೆಂದು ನಾನು ನಂಬುವುದಿಲ್ಲ. ನಿಮಗೆ ಕಡಿಮೆಯಾಗಿರುವುದು ನಿಧಾನ ಒಂದೇ. ಈ ಶುಕ್ರವಾರ ರಜೆಯ ಬೆಳಗ್ಗೆ, ಬಿಸಿಲು ಏರುವ ಮುನ್ನ, ಬಾನೆಟ್ ಎತ್ತಿ. ಟರ್ಮಿನಲ್ ಉಜ್ಜಿ, ಅರ್ತ್ ಪಟ್ಟಿ ಹುಡುಕಿ ನೋಡಿ, ಬ್ಯಾಟರಿಯ ವೋಲ್ಟ್ ಬರೆದಿಡಿ. ಗೊತ್ತಿರುವವನು ಗೊತ್ತಿಲ್ಲದವನಿಗೆ ಹೇಳಿಕೊಡಲಿ. ಹೊಸದಾಗಿ ಊರಿನಿಂದ ಬಂದ ಹುಡುಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಗಾಡಿ ಚೆನ್ನಾಗಿರುವಾಗ ಕಲಿತದ್ದೇ ಕೆಟ್ಟಾಗ ಕೈಹಿಡಿಯುವುದು. ಮುಂದಿನ ವಾರಕ್ಕೆ ತಳ್ಳಬೇಡಿ ಮಕ್ಕಳೇ, ಈ ಶುಕ್ರವಾರವೇ ಶುರುಮಾಡಿ.